ಕಡಲ ಜೇಡಿಗೆ ಹೆಸರಿಟ್ಟವರು

ತುಮಕೂರು ನಗರದ ಅಂಚಿನ ಸತ್ಯಮಂಗಲದಲ್ಲಿ ಪಾಯ ತೋಡುವವರಿಗೆ ಕಡಲಿನ ಚಿಂತೆ ಇಲ್ಲ. ಮೇಲೊಂದಷ್ಟು ಕೆಮ್ಮಣ್ಣು, ಅದರಡಿ ಗರಸು, ಇನ್ನೂ ಇಳಿದರೆ ಕೊಳೆತ ಕಲ್ಲು, ಆಮೇಲೆ ಗಟ್ಟಿ ಬಂಡೆ: ಬಯಲುಸೀಮೆಯ ಈ ಭಾಗದಲ್ಲಿ ನೆಲ ಸಾಮಾನ್ಯವಾಗಿ ಇರುವುದೇ ಹೀಗೆ. ಊರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಕಡಲು ಇಲ್ಲಿಂದ ಸುಮಾರು 300 ಕಿಲೋಮೀಟರ್ ದೂರ. ಹಾಗಿದ್ದೂ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ ಎಬ್ಬಿಸಲು ಮಣ್ಣು ಪರೀಕ್ಷೆ ಮಾಡಿಸಿದರೆ, ವರದಿಯಲ್ಲಿ ‘ಎಸ್‌ಸಿ’, ‘ಸಿಐ’ ಎಂಬಂಥ ಎರಡಕ್ಷರದ ಗುರುತೊಂದು ಬರುತ್ತದೆ. ಆ ಗುರುತಿನ ಹಿಂದಿರುವ ಅಳತೆಗಳ ಜಾಡು ಹಿಡಿದು ಹೋದರೆ ಸಿಗುವುದು ಕೆಮ್ಮಣ್ಣಲ್ಲ, ಸಾವಿರಾರು ಮೈಲಿ ಆಚೆ ಬಂದರೊಂದರ ಕಟ್ಟೆಯನ್ನು ಕೆಡವಿದ ಕಡಲ ಜೇಡಿ.

ತುಮಕೂರಿನಲ್ಲಿ 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿರಲಿ, ನಾಡಿನ ಬೇರೆ ಯಾವ ಎಂಜಿನಿಯರಿಂಗ್ ಕಾಲೇಜಿರಲಿ, ಸಿವಿಲ್ ವಿದ್ಯಾರ್ಥಿ ಮಣ್ಣಿನ ಲ್ಯಾಬಿಗೆ ಕಾಲಿಟ್ಟೊಡನೆ ಎದುರಾಗುವುದು ಒಂದು ಹಿತ್ತಾಳೆ ಬಟ್ಟಲು. 425 ಮೈಕ್ರಾನ್ ಜರಡಿಯಲ್ಲಿ ಇಳಿದ ಮಣ್ಣಿಗೆ ನೀರು ಬೆರೆಸಿ, ಚೆನ್ನಾಗಿ ನಾದಿ, ಬಟ್ಟಲಿಗೆ ಸವರಿ, ನಟ್ಟನಡುವೆ ಒಂದು ಗೀರು ಎಳೆಯಬೇಕು. ಹಿಡಿ ತಿರುಗಿಸಿದರೆ ಬಟ್ಟಲು 10 ಮಿಲಿಮೀಟರ್ ಮೇಲೆದ್ದು ಟಪ್ಪೆಂದು ಬೀಳುತ್ತದೆ, ಸೆಕೆಂಡಿಗೆ ಎರಡು ಸಲ. ಸರಿಯಾಗಿ 25ನೇ ಪೆಟ್ಟಿಗೆ ಗೀರಿನ ಎರಡು ದಡ ಸುಮಾರು 12 ಮಿಲಿಮೀಟರ್ ಉದ್ದಕ್ಕೆ ಕೂಡಿಕೊಂಡರೆ, ಆಗ ಮಣ್ಣಿನಲ್ಲಿರುವ ನೀರಿನ ಪ್ರಮಾಣವೇ ‘ಲಿಕ್ವಿಡ್ ಲಿಮಿಟ್’. ಅಲ್ಲಿಂದಾಚೆಗೆ ಮಣ್ಣು ದ್ರವದಂತೆ ಹರಿಯುತ್ತದೆ. ಇನ್ನೊಂದು ಪರೀಕ್ಷೆಗೆ ಯಂತ್ರವೂ ಬೇಡ. ಗಾಜಿನ ಹಲಗೆಯ ಮೇಲೆ ಬೆರಳಿನಲ್ಲಿ ಹೊಸೆಯುತ್ತ ಹೋದಂತೆ 3 ಮಿಲಿಮೀಟರ್ ದಪ್ಪದ ಎಳೆ ಯಾವ ತೇವದಲ್ಲಿ ಬಿರುಕುಬಿಟ್ಟು ಪುಡಿಯಾಗುತ್ತದೋ ಅದು ‘ಪ್ಲಾಸ್ಟಿಕ್ ಲಿಮಿಟ್’. ಎರಡರ ನಡುವಿನ ಅಂತರಕ್ಕೆ ‘ಪ್ಲಾಸ್ಟಿಸಿಟಿ ಇಂಡೆಕ್ಸ್’ ಎಂದು ಹೆಸರು. ಈ ಅಂತರ ಹಿಗ್ಗಿದಷ್ಟೂ ಮಣ್ಣು ಜೇಡಿಯ ಗುಣ ತೋರುತ್ತದೆ.

ಬಟ್ಟಲು ಬರುವ ಮೊದಲು ಇಲ್ಲಿನವರಿಗೆ ಮಣ್ಣಿನ ಭೇದ ಗೊತ್ತಿರಲಿಲ್ಲ ಎಂದೇನಲ್ಲ. ತುಮಕೂರು ಜಿಲ್ಲೆ ಕೆರೆಗಳ ಜಿಲ್ಲೆ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ಲಿನ ದೊಡ್ಡಕೆರೆ, ತುಮಕೂರಿನ ಅಮಾನಿಕೆರೆ ಎಲ್ಲವೂ ಮಣ್ಣಿನ ಏರಿಯನ್ನೇ ನಂಬಿ ನಿಂತವು. ಏರಿಗೆ ಹಾಕುವ ಮಣ್ಣು ನೀರು ಬಿಡಬಾರದು, ಬಿಸಿಲಿಗೆ ಸೀಳಲೂಬಾರದು. ಬರೀ ಮರಳುಮಣ್ಣಾದರೆ ಜಿನುಗುತ್ತದೆ, ಬರೀ ಎರೆಮಣ್ಣಾದರೆ ಬೇಸಿಗೆಯಲ್ಲಿ ಬಾಯ್ಬಿಡುತ್ತದೆ. ಮುಷ್ಟಿಯಲ್ಲಿ ಹಿಸುಕಿ, ಉಂಡೆ ಕಟ್ಟಿ, ಒಣಗಿದ ಹೆಂಟೆಯನ್ನು ಬೆರಳಲ್ಲಿ ಮುರಿದು ನೋಡುವ ಮಣ್ಣು ಕೆಲಸದವರ ವಿದ್ಯೆಗೆ ಲಿಖಿತ ಕೋಡು ಇರಲಿಲ್ಲ ಅಷ್ಟೆ. ಒಣ ಹೆಂಟೆ ಎಷ್ಟು ಗಟ್ಟಿ, ಒದ್ದೆ ಉಂಡೆಯನ್ನು ಅಲ್ಲಾಡಿಸಿದರೆ ನೀರು ಮೇಲೆ ಬರುತ್ತದೆಯೇ, ಹೊಸೆದ ಎಳೆ ಎಷ್ಟು ಬಿಗಿ ಎಂಬ ಮೂರು ಕೈಪರೀಕ್ಷೆಗಳನ್ನು 20ನೇ ಶತಮಾನದ ಎಂಜಿನಿಯರಿಂಗ್ ಪುಸ್ತಕಗಳು ಶಾಸ್ತ್ರವೆಂದೇ ಒಪ್ಪಿಕೊಂಡಿವೆ.

1800-01ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆ, ಮಲಬಾರ್, ಕೆನರಾ ಸುತ್ತಿದ. ಟಿಪ್ಪು ಬಿದ್ದ ಮೇಲೆ ಕೈಗೆ ಬಂದ ನಾಡಿನಲ್ಲಿ ಏನೇನಿದೆ ಎಂದು ತಿಳಿಯುವುದು ಕಂಪನಿ ಸರ್ಕಾರಕ್ಕೆ ಬೇಕಿತ್ತು. ತುಮಕೂರು, ಗುಬ್ಬಿ ಕಡೆಗೂ ಬಂದ, ಮುಂದೆ ಘಟ್ಟದ ಕೆಳಗೂ ಇಳಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ ರೈತರು ಮಣ್ಣಿಗೆ, ಹೊಲಗದ್ದೆಗೆ ಇಟ್ಟ ಹೆಸರುಗಳೂ ಸೇರಿವೆ. ಕರಾವಳಿಯಲ್ಲಿ ಅವನಿಗೆ ಸಿಕ್ಕ ವರ್ಗೀಕರಣದ ಆಧಾರವೇ ಬೇರೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಯನ್ನು ವಿಂಗಡಿಸುವವರು ನೋಡುವುದು ಮಣ್ಣಿನ ಬಣ್ಣವನ್ನಲ್ಲ, ನೀರು ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನು. ಯಾವ ವರ್ಗೀಕರಣವೂ ಅದನ್ನು ಮಾಡುವವರ ಉದ್ಯೋಗಕ್ಕೆ ತಕ್ಕಂತೆ ಇರುತ್ತದೆ. ರೈತನಿಗೆ ಬೆಳೆ ಮುಖ್ಯ, ಅಮಲ್ದಾರನಿಗೆ ಕಂದಾಯ ಮುಖ್ಯ. ಮಣ್ಣು ಎಷ್ಟು ಭಾರ ಹೊರುತ್ತದೆ ಎಂಬ ಪ್ರಶ್ನೆ ದೊಡ್ಡದಾಗಿ ಎದ್ದದ್ದು ರೈಲು, ಬಂದರು, ಕಾರ್ಖಾನೆಗಳು ಬಂದ ಮೇಲೆ.

ಕಡಲ ಜೇಡಿ ಆಕಾಶದಿಂದ ಬಿದ್ದದ್ದೇನಲ್ಲ. ಅದೂ ಒಳನಾಡಿನ ಮಣ್ಣೇ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಕಡಬದ ಕೆರೆಯನ್ನು ತುಂಬಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ಹಾಯ್ದು, ಕಾವೇರಿಗೆ ಸೇರುತ್ತದೆ. ಅದೇ ಬೆಟ್ಟದ ಜಯಮಂಗಲಿ ಉತ್ತರ ಪಿನಾಕಿನಿಯ ಪಾಲು. ಮಳೆಗಾಲದಲ್ಲಿ ಕೆಂಪಗೆ ಹರಿಯುವ ನೀರಿನಲ್ಲಿರುವುದು ಗ್ರಾನೈಟ್, ನೈಸ್ ಶಿಲೆಗಳು ಕೊಳೆತು ಆದ ನುಣುಪು ಮಣ್ಣು. ಕೆರೆ, ಅಣೆಕಟ್ಟುಗಳಲ್ಲಿ ಗೋಡಾಗಿ ಉಳಿಯದ್ದು ಬಂಗಾಳಕೊಲ್ಲಿಯವರೆಗೂ ಹೋಗುತ್ತದೆ. ಸಿಹಿನೀರಿನಲ್ಲಿ ಎರಡು ಮೈಕ್ರಾನಿಗಿಂತ ಸಣ್ಣ ಕಣಗಳು ಒಂದನ್ನೊಂದು ದೂರ ತಳ್ಳುತ್ತ ಬಹಳ ಹೊತ್ತು ತೇಲುತ್ತವೆ. ಉಪ್ಪುನೀರು ಸೋಕಿದೊಡನೆ ಆ ತಳ್ಳಾಟ ಕುಗ್ಗಿ, ಅವು ಗಂಟುಗಂಟಾಗಿ ಕೂಡಿ ತಳಕ್ಕೆ ಇಳಿಯುತ್ತವೆ. ಹಾಗೆ ಇಳಿದ ರಾಶಿ ಒತ್ತೊತ್ತಾಗಿ ಕೂರುವುದಿಲ್ಲ. ಇಸ್ಪೀಟು ಎಲೆಗಳಲ್ಲಿ ಕಟ್ಟಿದ ಮನೆಯಂತೆ ಸಂದುಗೊಂದು ಇಟ್ಟುಕೊಂಡೇ ನಿಲ್ಲುತ್ತದೆ, ಸಂದಿನ ತುಂಬ ನೀರು. ಅದಕ್ಕೇ ಕಡಲ ಜೇಡಿಯ ತೇವಾಂಶ ನೂರಕ್ಕೆ ನೂರು ದಾಟುವುದೂ ಉಂಟು, ಅಂದರೆ ಒಣಮಣ್ಣಿನ ತೂಕಕ್ಕಿಂತ ಅದರಲ್ಲಿರುವ ನೀರಿನ ತೂಕವೇ ಹೆಚ್ಚು.

ಭಾರತದ ಎರಡೂ ಕರಾವಳಿಗಳ ಮೆತ್ತನೆಯ ಜೇಡಿ ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ಸುಮಾರು 20,000 ವರ್ಷಗಳ ಹಿಂದೆ ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮಯುಗ ಮುಗಿದು ನೀರು ಏರುತ್ತ ಬಂದಂತೆ ನದೀಮುಖಗಳು ಮುಳುಗಿ, ಅಳಿವೆಗಳಲ್ಲಿ ಜೇಡಿ ತುಂಬಿಕೊಂಡಿತು. ಕಡುಬೂದು ಬಣ್ಣ, ಚಿಪ್ಪಿನ ಚೂರು, ಅಗೆದೊಡನೆ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯ ವಾಸನೆ ನೋಡಿದರೇ ಕೆಲಸದವರಿಗೆ ಗುರುತು ಹತ್ತುತ್ತದೆ.

ಕರಾವಳಿಯವರು ಈ ಜೇಡಿಯೊಂದಿಗೆ ಹೊಂದಿಕೊಂಡೇ ಬಾಳಿದರು. ಕುಮಟಾ ಸೀಮೆಯಲ್ಲಿ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಿಗೆ ಅದೇ ಕೆಸರು ಮಣ್ಣಿನ ಕಟ್ಟೆ ಕಟ್ಟಿ, ಉಪ್ಪು ತಡೆಯುವ ಕಗ್ಗ ಭತ್ತ ಬೆಳೆದರು. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರಗಳಿಗೆ ನೀರು ಇಂಗದ ಜೇಡಿಯ ನೆಲವೇ ಬಂಡವಾಳ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯ ಜೇಡಿಯನ್ನು ಮೆಚ್ಚಿ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ಅದರ ಹಿಂದೆಯೇ ಬೇರೆಯವರ ಕಾರ್ಖಾನೆಗಳೂ ಎದ್ದವು. ಬಯಲುಸೀಮೆಯಲ್ಲಿ ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದವರೆಲ್ಲ ಆ ಹೊಳೆದಂಡೆಯ ಮಣ್ಣನ್ನು ತಲೆಯ ಮೇಲೆ ಇಟ್ಟುಕೊಂಡವರೇ. ಹೆಂಚಿನವನು ಮೆಚ್ಚಿದ ಜಿಗುಟೇ ಪಾಯದವನಿಗೆ ಕಂಟಕ.

ಆ ಕಂಟಕ ಮೊದಲು ಜೋರಾಗಿ ಕಾಡಿದ್ದು ಸ್ವೀಡನ್ನನ್ನು. ಅಲ್ಲಿನ ಕರಾವಳಿಯ ಬಯಲುಗಳು ಹಿಮಯುಗದ ಕೊನೆಯಲ್ಲಿ ಕಡಲಡಿ ಕೂತ ಜೇಡಿಯವು. 1916ರಲ್ಲಿ ಗೋಥೆನ್‌ಬರ್ಗ್ ಬಂದರಿನ ಸ್ಟಿಗ್‌ಬರ್ಗ್ ಕಟ್ಟೆ ಜಾರಿ ನೀರಿಗಿಳಿಯಿತು. 1918ರ ಅಕ್ಟೋಬರ್ 1ರಂದು ಗೆಟೋ ಎಂಬಲ್ಲಿ ರೈಲು ಏರಿ ಕುಸಿದು ಪ್ರಯಾಣಿಕರ ಗಾಡಿ ಉರುಳಿ 40ಕ್ಕೂ ಹೆಚ್ಚು ಮಂದಿ ಸತ್ತರು. ಇಂಥ ಕುಸಿತಗಳನ್ನು ತಡೆಯಲೆಂದೇ ಸ್ವೀಡನ್ನಿನ ರೈಲ್ವೆ 1914ರಲ್ಲಿ ನೇಮಿಸಿದ್ದ ಆಯೋಗ 1922ರಲ್ಲಿ ಅಂತಿಮ ವರದಿ ಕೊಟ್ಟಿತು. ಮಣ್ಣನ್ನು ಕಣ್ಣಂದಾಜಿನಲ್ಲಿ ಬಿಡದೆ ಅಳೆದು ಹೆಸರಿಡುವ ಹಟ ಗಟ್ಟಿಯಾದದ್ದು ಅಲ್ಲಿ.

ಅಳತೆಗೋಲು ಕೊಟ್ಟವನು ಎಂಜಿನಿಯರನೇ ಅಲ್ಲ. ಕಾಲ್ಮಾರ್ ಪಟ್ಟಣದಲ್ಲಿ ಬಿತ್ತನೆಬೀಜ ಪರೀಕ್ಷಿಸುತ್ತಿದ್ದ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಆಟರ್‌ಬರ್ಗ್ ಹೊಲದ ಮಣ್ಣಿನ ಗುಣ ತಿಳಿಯಲು 1911ರಲ್ಲಿ ಒಂದಲ್ಲ, ಹಲವು ಮಿತಿಗಳನ್ನು ಸೂಚಿಸಿದ. ಅವುಗಳಲ್ಲಿ ಕಾಲದ ಜರಡಿಯಲ್ಲಿ ಗಟ್ಟಿಯಾಗಿ ಉಳಿದವು ಮುಖ್ಯವಾಗಿ ಎರಡು, ತುಮಕೂರಿನ ಹುಡುಗರು ಲ್ಯಾಬಿನಲ್ಲಿ ಅಳೆಯುವ ಅವೇ ಎರಡು. ಅವನ್ನು ಕಟ್ಟಡ ಶಾಸ್ತ್ರಕ್ಕೆ ತಂದವನು ಕಾರ್ಲ್ ಟೆರ್ಜಾಗಿ. ಆಟರ್‌ಬರ್ಗ್ ಕೈಯಲ್ಲಿ ತಟ್ಟುತ್ತಿದ್ದ ಬಟ್ಟಲಿಗೆ ಯಂತ್ರ ಕಟ್ಟಿದವನು ಟೆರ್ಜಾಗಿಯ ಶಿಷ್ಯ ಆರ್ಥರ್ ಕಾಸಗ್ರಾಂಡೆ. 1932ರಲ್ಲಿ ಅವನು ವಿವರಿಸಿದ ಉಪಕರಣದಿಂದ, ಯಾರ ಕೈ ತಟ್ಟಿದರೂ ಪೆಟ್ಟು ಒಂದೇ ಎತ್ತರದಿಂದ ಬೀಳುವಂತಾಯಿತು.

ಎರಡನೇ ಮಹಾಯುದ್ಧ ಬಂತು. ಗುರುತಿಲ್ಲದ ನಾಡುಗಳಲ್ಲಿ ವಾರಗಳೊಳಗೆ ವಿಮಾನದ ಓಡುದಾರಿ ಹಾಸಬೇಕಿದ್ದ ಅಮೆರಿಕದ ಸೇನಾ ಎಂಜಿನಿಯರುಗಳಿಗಾಗಿ ಕಾಸಗ್ರಾಂಡೆ 1942ರಲ್ಲಿ ಒಂದು ವರ್ಗೀಕರಣ ಕಟ್ಟಿಕೊಟ್ಟ. 1948ರಲ್ಲಿ ಅದು ಪ್ರಬಂಧವಾಗಿ ಹೊರಬಂತು, 1952ರಲ್ಲಿ ಪರಿಷ್ಕಾರಗೊಂಡು ‘ಯೂನಿಫೈಡ್’ ಪದ್ಧತಿ ಎನಿಸಿತು. ಅದರ ಜೀವ ಒಂದು ನಕ್ಷೆಯಲ್ಲಿದೆ. ಅಡ್ಡಕ್ಕೆ ಲಿಕ್ವಿಡ್ ಲಿಮಿಟ್, ಉದ್ದಕ್ಕೆ ಪ್ಲಾಸ್ಟಿಸಿಟಿ ಇಂಡೆಕ್ಸ್, ನಡುವೆ ಓರೆಯಾಗಿ ಏರುವ ‘ಎ’ ಗೆರೆ. ಲಿಕ್ವಿಡ್ ಲಿಮಿಟ್‌ನಿಂದ 20 ಕಳೆದು 0.73ರಿಂದ ಗುಣಿಸಿದರೆ ಗೆರೆಯ ಎತ್ತರ ಸಿಗುತ್ತದೆ. ಗೆರೆಯ ಮೇಲೆ ಬಿದ್ದದ್ದು ಜೇಡಿ, ಕೆಳಗೆ ಬಿದ್ದದ್ದು ಗೋಡು ಅಥವಾ ಕೊಳೆತ ಸಸ್ಯಾಂಶ ಬೆರೆತ ಜೇಡಿ.

ಸ್ವತಂತ್ರ ಭಾರತ ಈ ಪದ್ಧತಿಯನ್ನು ಎತ್ತಿಕೊಂಡಿತು, ಆದರೆ ಇದ್ದ ಹಾಗೇ ಅಲ್ಲ. ಭಾರತೀಯ ಮಾನಕ ಸಂಸ್ಥೆಯ ಐಎಸ್ 1498 ಮೊದಲು ಹೊರಬಂದದ್ದು 1959ರಲ್ಲಿ, ಪರಿಷ್ಕೃತವಾದದ್ದು 1970ರಲ್ಲಿ. ಲಿಕ್ವಿಡ್ ಲಿಮಿಟ್ 50ರ ಮೇಲೆ, ಕೆಳಗೆ ಎಂದು ಅಮೆರಿಕದವರು ಎರಡೇ ಭಾಗ ಮಾಡಿದ್ದರು. ಇಲ್ಲಿನವರು 35ರ ಹತ್ತಿರ ಇನ್ನೊಂದು ಗೆರೆ ಎಳೆದು ಮಧ್ಯಮ ವರ್ಗವೊಂದನ್ನು ಸೇರಿಸಿದರು. ಅಲ್ಲಿ 15 ಗುಂಪು, ಇಲ್ಲಿ 18. ಸತ್ಯಮಂಗಲದ ವರದಿಯ ‘ಸಿಐ’ ಹುಟ್ಟಿದ್ದು ಆ ಸೇರ್ಪಡೆಯಿಂದ. 35ಕ್ಕೂ 50ಕ್ಕೂ ನಡುವೆ ಬೀಳುವ ಜೇಡಿಮಣ್ಣನ್ನು ತೀರಾ ಜಿಗುಟಿನದರೊಂದಿಗೂ ಬಡವಾದದ್ದರೊಂದಿಗೂ ಒಟ್ಟುಗೂಡಿಸದೆ ಬೇರೆ ಇಟ್ಟದ್ದು ಬಯಲುಸೀಮೆಯ ಮಟ್ಟಿಗೆ ವಿವೇಕದ ಕೆಲಸ.

ಕಡಲ ಜೇಡಿಯ ವಿಷಯದಲ್ಲಿ ಮಾತ್ರ ನಕ್ಷೆ ಕೈಕೊಡುತ್ತದೆ. ಅದನ್ನು ಹತ್ತಿರದಿಂದ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಪ್ರಮುಖರು. ಅವರ ಕೈಗೆ ಸಿಕ್ಕ ಮಾದರಿ ಕೊಚ್ಚಿಯದು. 1920ರಲ್ಲಿ ಕೊಚ್ಚಿಗೆ ಬಂದ ಬಂದರು ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಹಿನ್ನೀರಿನಲ್ಲಿ ಹೂಳೆತ್ತಿ, ಎತ್ತಿದ ಮಣ್ಣಿನಿಂದಲೇ ವಿಲ್ಲಿಂಗ್ಡನ್ ದ್ವೀಪ ಕಟ್ಟಿಸಿದ್ದ. ಅಂಥ ನೆಲದ ಮೇಲೆ ನಿಂತ ನಗರಕ್ಕೆ ಕಾಲಡಿಯ ಜೇಡಿಯ ಸ್ವಭಾವ ತಿಳಿಯದೆ ಗತಿಯಿಲ್ಲ. ಸುಧಾಕರ ರಾವ್, ಎ. ಶ್ರೀಧರನ್, ಎಸ್. ಚಂದ್ರಕರನ್ ಮೂವರು 1989ರಲ್ಲಿ ‘ಜಿಯೋಟೆಕ್ನಿಕ್’ ಪತ್ರಿಕೆಯಲ್ಲಿ ಒಣಗಿಸುವಿಕೆ ಕಡಲ ಜೇಡಿಯ ಲಿಕ್ವಿಡ್ ಲಿಮಿಟ್ ಮೇಲೆ ಬೀರುವ ಪರಿಣಾಮವನ್ನು ಬರೆದರು. ಅಗೆದ ತೇವದಲ್ಲೇ ಪರೀಕ್ಷಿಸಿದರೆ ಒಂದು ಅಂಕಿ, ಒಲೆಯಲ್ಲಿ ಒಣಗಿಸಿ ಪುಡಿ ಮಾಡಿ ಮತ್ತೆ ನೀರು ಹಾಕಿ ಕಲಸಿದರೆ ಅದಕ್ಕಿಂತ ಬಹಳ ಕಡಿಮೆ ಅಂಕಿ. ನೀರು ಆರುವಾಗ ಒಂದಕ್ಕೊಂದು ಅಂಟಿಕೊಂಡ ನುಣುಪು ಕಣಗಳು ಮತ್ತೆ ನೀರು ಕಂಡರೂ ಬಿಡಿಸಿಕೊಳ್ಳುವುದಿಲ್ಲ. ಜೇಡಿ ಗೋಡಿನ ವೇಷ ಹಾಕುತ್ತದೆ.

ಇದರ ಫಲ ಏನೆಂದು ಒಂದು ಲೆಕ್ಕ ಮಾಡಿ ನೋಡಬಹುದು. ಬರೀ ತಿಳಿಯಲೆಂದು ಹಾಕಿದ ಅಂಕಿಗಳಿವು, ಯಾವ ಊರಿನ ಮಾದರಿಯದೂ ಅಲ್ಲ. ಹಸಿ ಮಾದರಿಯ ಲಿಕ್ವಿಡ್ ಲಿಮಿಟ್ 90, ಪ್ಲಾಸ್ಟಿಕ್ ಲಿಮಿಟ್ 35 ಎಂದುಕೊಳ್ಳಿ. ಅಂತರ 55. ನಕ್ಷೆಯ ಗೆರೆ ಅಲ್ಲಿ 51.1ರಲ್ಲಿದೆ, ಮಣ್ಣು ಮೇಲಿದೆ, ಹೆಸರು ‘ಸಿಎಚ್’: ಅತಿ ಜಿಗುಟಿನ ಜೇಡಿ. ಅದೇ ಮಣ್ಣು ಒಲೆಯಿಂದ ಬಂದ ಮೇಲೆ 60, 34 ತೋರಿಸಿತು ಅನ್ನೋಣ. ಅಂತರ 26, ಗೆರೆ 29.2ರಲ್ಲಿ. ಮಣ್ಣು ಕೆಳಗೆ ಬಿತ್ತು, ಹೆಸರು ‘ಎಂಎಚ್’ ಅಥವಾ ‘ಓಎಚ್’: ಗೋಡು, ಇಲ್ಲವೇ ಸಸ್ಯಾಂಶ ಬೆರೆತ ಜೇಡಿ. ಇಷ್ಟಕ್ಕೇ ಮುಗಿಯಲಿಲ್ಲ. ಒಣಗಿಸಿದ ಮೇಲಿನ ಲಿಕ್ವಿಡ್ ಲಿಮಿಟ್ ಹಸಿಯದರ ಮುಕ್ಕಾಲು ಪಾಲಿಗಿಂತ ಕಡಿಮೆಯಾದರೆ ಮಣ್ಣಿನಲ್ಲಿ ಸಸ್ಯಾಂಶವಿದೆ ಎಂದು ತಿಳಿಯುವುದು ಅಮೆರಿಕದ ಮಾನಕದ ಕ್ರಮ. ನಮ್ಮ ಲೆಕ್ಕದಲ್ಲಿ ಅದು ಮೂರನೇ ಎರಡು ಭಾಗಕ್ಕೆ ಇಳಿದಿದೆ. ಕೊಳೆತ ಎಲೆಯ ಸುಳಿವಿಲ್ಲದ ಜೇಡಿಗೂ ಆ ಹಣೆಪಟ್ಟಿ ಬೀಳಬಹುದು. ತಪ್ಪು ಬಟ್ಟಲಿನದಲ್ಲ, ಬಟ್ಟಲಿಗೆ ಬರುವ ಮೊದಲು ಮಾದರಿಗೆ ಕೊಟ್ಟ ಬಿಸಿಯದು. ಸತ್ಯಮಂಗಲದಂಥ ಊರಿನ ಕೆಮ್ಮಣ್ಣು ಬಿಸಿಲಿನಲ್ಲಿ ಕಾದೂ ಕಾದೂ ಪಳಗಿದ್ದು, ಇನ್ನೊಮ್ಮೆ ಒಣಗಿಸಿದರೆ ಅಷ್ಟಾಗಿ ವ್ಯತ್ಯಾಸ ಬೀಳದು. ಅಳಿವೆಯ ತಳದ ಜೇಡಿ ಹುಟ್ಟಿದಂದಿನಿಂದ ಒಣಗಿದ್ದೇ ಇಲ್ಲ. ಎರಡಕ್ಕೂ ಒಂದೇ ನಿಯಮ ಹೇಗೆ ಸಲ್ಲುತ್ತದೆ?

ಉಪ್ಪಿನದು ಇನ್ನೊಂದು ತಕರಾರು. ಸ್ವೀಡನ್, ನಾರ್ವೆಗಳಲ್ಲಿ ಹಿಮದ ಭಾರ ಇಳಿದ ಮೇಲೆ ನೆಲವೇ ಮೇಲೆದ್ದು, ಕಡಲ ಜೇಡಿ ದಡಕ್ಕೆ ಬಂತು. ಮಳೆನೀರು ಸಾವಿರಾರು ವರ್ಷ ಹಾಯ್ದು ಉಪ್ಪು ತೊಳೆದುಹೋಯಿತು. ಉಪ್ಪು ಹೋದ ಜೇಡಿ ಅಲುಗಿಸದಿದ್ದರೆ ಗಟ್ಟಿ, ಅಲುಗಿಸಿದರೆ ಪಾನಕ. ಇದನ್ನು ವಿವರಿಸಿದವನು ನಾರ್ವೆಯ ರೋಸೆನ್‌ಕ್ವಿಸ್ಟ್, 1950ರ ದಶಕದಲ್ಲಿ. 1978ರ ಏಪ್ರಿಲ್ 29ರಂದು ಅಲ್ಲಿನ ರಿಸ್ಸಾದಲ್ಲಿ ಹೊಲಮನೆಗಳು ಹಾಗೇ ಕರಗಿ ಕೆರೆಗೆ ಹರಿದದ್ದು ಚಲನಚಿತ್ರದಲ್ಲೇ ಸೆರೆಯಾಗಿದೆ. ನಮ್ಮ ಕರಾವಳಿಯ ಜೇಡಿಗೆ ಆ ಚರಿತ್ರೆಯಿಲ್ಲ. ಇಲ್ಲಿ ನೆಲ ಎದ್ದದ್ದಲ್ಲ, ಕಡಲು ಏರಿದ್ದು.

ಹಾಗಾದರೆ ಉಪ್ಪು ನಮ್ಮ ಜೇಡಿಗೆ ಏನು ಮಾಡುತ್ತದೆ? ಉತ್ತರ ಖನಿಜದ ಮೇಲಿದೆ ಎಂಬುದು ಶ್ರೀಧರನ್ ಅವರ ಸಂಶೋಧನೆಯ ತಿರುಳು. 1973ರಲ್ಲಿ ಅವರು ಜಿ. ವೆಂಕಟಪ್ಪ ರಾವ್ ಅವರೊಂದಿಗೆ ಜೇಡಿಯ ಹಿಗ್ಗು-ಕುಗ್ಗುಗಳ ಹಿಂದೆ ಒಂದಲ್ಲ, ಎರಡು ಕಾರಣಗಳಿವೆ ಎಂದು ವಾದಿಸಿದರು. ಕೆಯೋಲಿನೈಟ್ ಹೆಚ್ಚಿರುವ ಜೇಡಿಯಲ್ಲಿ ಕಣಗಳು ಹೇಗೆ ಜೋಡಿಸಿಕೊಂಡಿವೆ ಎಂಬುದು ಮುಖ್ಯ. ಉಪ್ಪು ಬಿದ್ದರೆ ಗಂಟು ಹೆಚ್ಚಿ, ಸಂದಿನಲ್ಲಿ ನೀರು ಹೆಚ್ಚು ಹಿಡಿದು, ಲಿಕ್ವಿಡ್ ಲಿಮಿಟ್ ಏರಬಹುದು. ಎರೆಮಣ್ಣಿನಲ್ಲಿರುವಂಥ ಮಾಂಟ್‌ಮೊರಿಲೊನೈಟ್‌ನಲ್ಲಿ ಕಣದ ಸುತ್ತ ಅಂಟಿದ ನೀರಿನ ಪದರ ಮುಖ್ಯ. ಉಪ್ಪು ಬಿದ್ದರೆ ಆ ಪದರ ತೆಳುವಾಗಿ ಲಿಕ್ವಿಡ್ ಲಿಮಿಟ್ ಇಳಿಯುತ್ತದೆ. ಎರಡು ಕಡಲ ಜೇಡಿಗಳು ಕಾಸಗ್ರಾಂಡೆಯ ನಕ್ಷೆಯಲ್ಲಿ ಒಂದೇ ಚುಕ್ಕೆಯ ಮೇಲೆ ಕೂತು, ಒಂದೇ ‘ಸಿಎಚ್’ ಹೆಸರು ಹೊತ್ತು, ನೆಲದಲ್ಲಿ ಪೂರಾ ಬೇರೆ ಬೇರೆ ರೀತಿ ನಡೆದುಕೊಳ್ಳುವುದು ಇದರಿಂದಲೇ.

ಗುಟ್ಟು ಬಿಡಿಸಲು ಎಕ್ಸ್-ರೇ ಯಂತ್ರವೇ ಬೇಕೆಂದರೆ ಜಿಲ್ಲಾ ಕೇಂದ್ರದ ಲ್ಯಾಬುಗಳು ಬಾಗಿಲು ಹಾಕಬೇಕಾದೀತು. ಶ್ರೀಧರನ್ ಮತ್ತು ಕೆ. ಪ್ರಕಾಶ್ 2000ದಲ್ಲಿ ಹಿಗ್ಗುವ ಮಣ್ಣುಗಳ ವರ್ಗೀಕರಣಕ್ಕೆ ಮುಂದಿಟ್ಟ ದಾರಿಗೆ ಬೇಕಾದದ್ದು ಎರಡು ಗಾಜಿನ ಜಾಡಿ, ನೀರು, ಸೀಮೆಎಣ್ಣೆ. ಹತ್ತು ಹತ್ತು ಗ್ರಾಂ ಮಣ್ಣನ್ನು 100 ಮಿಲಿಲೀಟರ್ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಬೇಕು. ನೀರಿನಲ್ಲಿ ಕೂತ ಮಣ್ಣಿನ ಗಾತ್ರವನ್ನು ಸೀಮೆಎಣ್ಣೆಯಲ್ಲಿ ಕೂತ ಗಾತ್ರದಿಂದ ಭಾಗಿಸಿದರೆ ಬರುವ ಅಂಕಿ ಒಂದು ಅಥವಾ ಅದಕ್ಕಿಂತ ಕಡಿಮೆಯಾದರೆ ಕೆಯೋಲಿನೈಟ್, ಒಂದೂವರೆ ದಾಟಿದರೆ ಮಾಂಟ್‌ಮೊರಿಲೊನೈಟ್, ನಡುವೆ ಬಂದರೆ ಎರಡರ ಬೆರಕೆ. ಹಳೆಯ ಮಾನಕದ ‘ಫ್ರೀ ಸ್ವೆಲ್ ಇಂಡೆಕ್ಸ್’ ಕೂಡ ಇದೇ ಜಾಡಿಗಳನ್ನು ಬಳಸುತ್ತಿತ್ತು. ಆದರೆ ಕೆಯೋಲಿನೈಟ್ ನೀರಿಗಿಂತ ಸೀಮೆಎಣ್ಣೆಯಲ್ಲೇ ಹೆಚ್ಚು ಉಬ್ಬಿ ಕೂರುವುದರಿಂದ ಉತ್ತರ ಮೈನಸ್ ಬಂದು ಪರೀಕ್ಷಕರು ಕಕ್ಕಾಬಿಕ್ಕಿಯಾಗುತ್ತಿದ್ದರು. ಕಳೆಯುವ ಬದಲು ಭಾಗಿಸಿದ್ದರಿಂದ ಆ ಪೇಚು ತಪ್ಪಿತು. ಒಂದು ಕೊಂಕು ಮಾತ್ರ ಉಳಿಯುತ್ತದೆ: ಈ ಪರೀಕ್ಷೆಗೂ ಒಲೆಯಲ್ಲಿ ಒಣಗಿಸಿದ ಮಣ್ಣೇ ಬೇಕು. ಕಡಲ ಜೇಡಿಯನ್ನು ಜಾಡಿಗೆ ಹಾಕುವಾಗ 1989ರ ಎಚ್ಚರಿಕೆಯನ್ನು ನೆನೆದೇ ಫಲಿತಾಂಶ ಓದಬೇಕು.

ಭಾರತೀಯ ವಿಜ್ಞಾನ ಸಂಸ್ಥೆಯವರೇ ಆದ ಟಿ.ಎಸ್. ನಾಗರಾಜ್ ಜಪಾನಿನ ಎನ್. ಮಿಯೂರಾ ಜತೆ ಮೆತ್ತನೆ ಜೇಡಿಯ ಮೇಲೆ ಬರೆದ ಪುಸ್ತಕ 2001ರಲ್ಲಿ ಬಂತು. ಸುರತ್ಕಲ್ಲಿನ ಎಂಜಿನಿಯರಿಂಗ್ ಸಂಸ್ಥೆಯವರು ಜಂಬಿಟ್ಟಿಗೆ ಕಲ್ಲಿನಡಿಯ ಶೇಡಿ ಮಣ್ಣನ್ನು ಆ ಹೆಸರಿನಲ್ಲೇ ಸಂಶೋಧನಾ ಪ್ರಬಂಧಗಳಿಗೆ ಏರಿಸಿದ್ದಾರೆ. ಶೇಡಿ ಕಡಲಿನದಲ್ಲ. ಆದರೂ ಒಣಗಿದಾಗ ಗಟ್ಟಿ, ನೀರು ಕುಡಿದರೆ ಕುಸಿತ ಎಂಬ ಅದರ ಗುಣಕ್ಕೆ ನಕ್ಷೆಯ ಎರಡಕ್ಷರಕ್ಕಿಂತ ಊರಿನವರಿಟ್ಟ ಹೆಸರೇ ಹೆಚ್ಚು ಎಚ್ಚರ ಕೊಡುತ್ತದೆ.

ಘಟ್ಟ ಇಳಿದು ಕಾರವಾರ, ಕುಮಟಾ, ಮಂಗಳೂರು ಕಡೆ ಜಾಗ ಕೊಳ್ಳುವ ಬಯಲುಸೀಮೆಯವರು ಈಗ ಕಡಿಮೆಯಿಲ್ಲ. ಅಳಿವೆ, ಹಿನ್ನೀರಿನ ಹತ್ತಿರದ ಜಾಗವಾದರೆ ಮಣ್ಣಿನ ವರದಿಯ ಎರಡಕ್ಷರ ನೋಡಿ ಸುಮ್ಮನಾಗಬೇಡಿ. ಮಾದರಿಯನ್ನು ಅಗೆದ ತೇವದಲ್ಲೇ ಪರೀಕ್ಷಿಸಿದರೋ, ಒಣಗಿಸಿದರೋ ಎಂದು ಕೇಳಿ. ನೆಲದಲ್ಲಿದ್ದಾಗ ಅದರ ತೇವ ಲಿಕ್ವಿಡ್ ಲಿಮಿಟ್‌ಗೆ ಎಷ್ಟು ಹತ್ತಿರವಿತ್ತು ಎಂದೂ ಕೇಳಿ. ಎರಡೂ ಉತ್ತರ ವರದಿಯಲ್ಲಿ ಇಲ್ಲದಿದ್ದರೆ, ಪಾಯದ ಡ್ರಾಯಿಂಗಿಗೆ ಸಹಿ ಹಾಕುವ ಮೊದಲು ಬರೆಸಿಕೊಳ್ಳಿ.